ಎಲ್ಲಾ ಸೇರಿ ಎಷ್ಟು?

ಅಮೆರಿಕದ ಡಲ್ಲಾಸಿನಲ್ಲಿರುವ ನಮ್ಮಕ್ಕನ ಖಾತೆಯಲ್ಲಿ ಹಯಾತ್ ಹೋಟೆಲ್ ಕಂಪನಿಯ ಪಾಯಿಂಟುಗಳು ಮೂರು ಲಕ್ಷದ ಹತ್ತಿರ ಇವೆ. ಭಾವ ಆಫೀಸಿನ ಕೆಲಸಕ್ಕೆ ಊರೂರು ಸುತ್ತಿ ಹೋಟೆಲುಗಳಲ್ಲಿ ಉಳಿದಿದ್ದರಿಂದ ಒಂದಿಷ್ಟು ಬಂದಿವೆ. ದಿನಸಿ, ಪೆಟ್ರೋಲು ಎಲ್ಲವನ್ನೂ ಒಂದೇ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟುತ್ತಾ ಹೋಗಿದ್ದರಿಂದ ಮಿಕ್ಕವು ಬಂದಿವೆ. ಇದಕ್ಕೆ ಲಾಯಲ್ಟಿ ಪ್ರೋಗ್ರಾಂ ಅನ್ನುತ್ತಾರೆ. ಲಾಯಲ್ಟಿ ಅಂದರೆ ನಿಷ್ಠೆ. ಖಾತೆಯಲ್ಲಿ 24 ತಿಂಗಳು ಏನೂ ಚಟುವಟಿಕೆ ಇಲ್ಲದಿದ್ದರೆ ಆ ನಿಷ್ಠೆಯೆಲ್ಲ ಸೊನ್ನೆಯಾಗುತ್ತದೆ.

ಈ ಸಲ ಅಪ್ಪ ಅಮ್ಮನಿಗೆ ಅಮೆರಿಕದ ವೀಸಾ ಸಿಕ್ಕಿತು. ಅದೊಂದಿದ್ದರೆ ಭಾರತದವರು ಬೇರೆ ವೀಸಾ ಇಲ್ಲದೆಯೇ ಮೆಕ್ಸಿಕೊಗೂ ಹೋಗಿಬರಬಹುದು. ಅಮ್ಮ ಸಮುದ್ರ ನೋಡಿಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಅಂತ ನಮ್ಮ ಕಡೆಯವರಿಗೆ ಕೆರೆ ಕೋಡಿ ಬಿದ್ದರೆ ಅದೇ ಸಮುದ್ರ. ಡಲ್ಲಾಸಿನಿಂದ ಮೆಕ್ಸಿಕೊದ ಕ್ಯಾನ್‌ಕುನ್‌ಗೆ ವಿಮಾನದಲ್ಲಿ ಸುಮಾರು ಮೂರು ಗಂಟೆ. ಅಲ್ಲಿಯ ಯಾವುದಾದರೂ ‘ಎಲ್ಲ ಸೇರಿದ’ ರೆಸಾರ್ಟಿನಲ್ಲಿ ಇಬ್ಬರನ್ನೂ ಮೂರು ದಿನ ಇಟ್ಟುಕೊಳ್ಳಬೇಕು ಅನ್ನುವುದು ಅಕ್ಕನ ಆಸೆ. ಅವಳ ಇಬ್ಬರು ಮಕ್ಕಳೂ ಸೇರಿ ಒಟ್ಟು ಆರು ಜನ. "ನೀನು ಜರ್ನಲಿಸಂ ಓದಿದೋನು ತಾನೆ, ಕೂತ್ಕೊಂಡು ಎಲ್ಲಾ ಓದಿ ಯಾವ್ದು ಒಳ್ಳೇದು ಅಂತ ಹೇಳೋ" ಅಂದಳು.

ಅವಳು ಸಾಮಾನ್ಯ ಹೋಟೆಲ್ ಬಿಟ್ಟು ಇದನ್ನೇ ಹಿಡಿದಿದ್ದಕ್ಕೆ ಕಾರಣ ಅಮ್ಮ. ಅಮ್ಮ ನಾಲ್ಕನೇ ಕ್ಲಾಸು. ತುಮಕೂರಿನಲ್ಲಿ ಯಾವ ಹೋಟೆಲಿಗೆ ಕರಕೊಂಡು ಹೋದರೂ ಮೆನುವನ್ನು ಬಲಗಡೆಯಿಂದ ಓದುತ್ತಾಳೆ. ಇಂಗ್ಲಿಷ್ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಎಲ್ಲಕ್ಕಿಂತ ಸಣ್ಣ ಅಂಕಿಯ ಮೇಲೆ ಬೆರಳಿಟ್ಟು "ಇದು ಹೇಳು" ಅನ್ನುತ್ತಾಳೆ. ಒಂದು ಸಲ ಹಾಗೆ ಹೇಳಿ ಬಂದದ್ದು ಬರೀ ಹಪ್ಪಳ. ಬೆಲೆಯೇ ಇಲ್ಲದ ಕಡೆ ಅವಳನ್ನು ಕೂರಿಸಬೇಕು ಅನ್ನುವುದು ಅಕ್ಕನ ಬಹಳ ದಿನದ ಹಟ.

ಎಲ್ಲ ಸೇರಿದ ರೆಸಾರ್ಟ್ ಅಂದರೆ ಇಷ್ಟೇ: ಕೋಣೆ, ಮೂರು ಹೊತ್ತಿನ ಊಟ, ನಡುವೆ ತಿಂಡಿ, ಈಜುಕೊಳ, ಕುಡಿಯುವುದು ಎಲ್ಲವೂ ಮೊದಲೇ ಕಟ್ಟಿದ ದುಡ್ಡಿನಲ್ಲಿ ಬಂದುಬಿಡುತ್ತದೆ. ಈ ಪದ್ಧತಿಯನ್ನು ದೊಡ್ಡದು ಮಾಡಿದ್ದು ಕ್ಲಬ್ ಮೆಡ್. ಬೆಲ್ಜಿಯಂನ ವಾಟರ್ ಪೋಲೊ ಆಟಗಾರ ಜೆರಾರ್ ಬ್ಲಿಟ್ಜ್ 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಅದನ್ನು ಶುರು ಮಾಡಿದ. ತಮಾಷೆ ಏನೆಂದರೆ, ಕ್ಲಬ್ ಮೆಡ್‌ನಲ್ಲಿ ಬಹಳ ಕಾಲ ಬಾರಿನ ಲೆಕ್ಕ ಮಾತ್ರ ಬೇರೆ ಇತ್ತು. ಜೇಬಿಲ್ಲದ ಈಜುಡುಗೆಯವರು ಕೊರಳಿಗೆ ಹಾಕಿಕೊಂಡ ಮಣಿಸರದಿಂದ ಮಣಿ ಬಿಚ್ಚಿ ಕೊಟ್ಟು ಕುಡಿಯುತ್ತಿದ್ದರು. ಈ ಮಣಿಯ ವಿಷಯ ಮುಂದೆ ಬೇಕಾಗುತ್ತದೆ.

ಹಯಾತ್ ಈ ವ್ಯಾಪಾರಕ್ಕೆ ದೊಡ್ಡದಾಗಿ ಕೈಹಾಕಿದ್ದು 2021ರಲ್ಲಿ, ಆಪಲ್ ಲೀಷರ್ ಗ್ರೂಪ್ ಅನ್ನು 270 ಕೋಟಿ ಡಾಲರಿಗೆ ಕೊಂಡಾಗ. ಜೀವಾ, ಝಿಲಾರಾ ಎಂಬ ಎರಡು ಹೆಸರು ಅದಕ್ಕೂ ಮೊದಲೇ ಅದರ ಹತ್ತಿರ ಇದ್ದವು. ಕೊಂಡ ಮೇಲೆ ಸೀಕ್ರೆಟ್ಸ್, ಡ್ರೀಮ್ಸ್, ಬ್ರೆತ್‌ಲೆಸ್, ಝೊಯೆಟ್ರಿ, ಸನ್‌ಸ್ಕೇಪ್ ಎಲ್ಲವೂ ಸೇರಿಕೊಂಡವು. ಹೆಸರು ಕೇಳಿದರೆ ಸೆಂಟ್ ಬಾಟಲಿಗಳ ಸಾಲು. ಝಿಲಾರಾ, ಸೀಕ್ರೆಟ್ಸ್, ಬ್ರೆತ್‌ಲೆಸ್ ದೊಡ್ಡವರಿಗೆ ಮಾತ್ರ, ಹಾಗಾಗಿ ಅಕ್ಕನ ಮಕ್ಕಳ ಜೊತೆ ಅವು ನಮಗೆ ಇಲ್ಲ. ಝೊಯೆಟ್ರಿ ಸಣ್ಣದು, ಯೋಗ ಆರೋಗ್ಯ ಅಂತ ಹೇಳಿಕೊಳ್ಳುವ ದುಬಾರಿ ಜಾಗ. ಸನ್‌ಸ್ಕೇಪ್ ಸಂಸಾರಸ್ಥರಿಗೆ, ಸ್ವಲ್ಪ ಅಗ್ಗ. ಲೆಕ್ಕಕ್ಕೆ ಉಳಿದದ್ದು ಡ್ರೀಮ್ಸ್ ಮತ್ತು ಜೀವಾ. (ಹಯಾತ್ ಅಂದರೆ ಉರ್ದುವಿನಲ್ಲಿ ಜೀವ. ‘ಹಯಾತ್ ಜೀವಾ’ ಅಂದಾಗ ಸಿರಾದ ನನ್ನ ಗೆಳೆಯ ಬಿದ್ದು ಬಿದ್ದು ನಕ್ಕ. ಕಂಪನಿಗೆ ಆ ಹೆಸರು ಬಂದದ್ದು ಮಾತ್ರ ಹಯಾತ್ ವಾನ್ ಡೇನ್ ಎಂಬಾತನಿಂದ. 1954ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಪಕ್ಕ ಮೊದಲ ಮೋಟೆಲ್ ತೆರೆದವರಲ್ಲಿ ಅವನೊಬ್ಬ.)

ಓದುತ್ತಾ ಹೋದ ಹಾಗೆ ಒಂದು ಮುಖ್ಯ ವಿಷಯ ಗೊತ್ತಾಯಿತು. ಮಾಮೂಲಿ ಹೋಟೆಲಿನಲ್ಲಿ ಪಾಯಿಂಟು ಕೋಣೆಗೆ. ಇಲ್ಲಿ ಹಾಗಲ್ಲ, ಪಾಯಿಂಟು ಬಾಯಿಗೆ. ಒಂದು ಕೋಣೆಗೆ ಹೇಳುವ ಪಾಯಿಂಟು ಇಬ್ಬರಿಗೆ ಮಾತ್ರ. ಮೂರನೆಯ ದೊಡ್ಡವರು ಬಂದರೆ ಮೇಲೆ ಕಟ್ಟಬೇಕು. ಮದುವೆ ಮನೆ ಅಡುಗೆ ಭಟ್ಟರು ಎಲೆ ಲೆಕ್ಕ ಕೇಳುವ ಹಾಗೆ. ಹಯಾತ್‌ನಲ್ಲಿ ಯಾವ ದರ್ಜೆಗೆ ಎಷ್ಟು ಪಾಯಿಂಟು ಅಂತ ದರಪಟ್ಟಿ ಇದೆ. ಮ್ಯಾರಿಯಟ್, ಹಿಲ್ಟನ್‌ನಲ್ಲೂ ಎಲ್ಲ ಸೇರಿದ ರೆಸಾರ್ಟುಗಳಿವೆ, ಆದರೆ ಅವುಗಳ ದರ ದಾಳಿಂಬೆ ಮಾರ್ಕೆಟ್ಟಿನಂತೆ ದಿನಕ್ಕೊಂದು. ಐಎಚ್‌ಜಿ 2022ರಲ್ಲಿ ಸ್ಪೇನಿನ ಇಬೆರೋಸ್ಟಾರ್ ಜೊತೆ ಕೈಜೋಡಿಸಿದೆ. ಅಕ್ಕನ ಪಾಯಿಂಟು ಹಯಾತ್‌ನವು, ಆದ್ದರಿಂದ ಅವುಗಳನ್ನು ಅಲ್ಲಿಗೇ ಬಿಟ್ಟೆ. ಇನ್ನೊಂದು ನಗು ಬರುವ ಸಂಗತಿ ಉಂಟು. ಈ ಕಾರ್ಯಕ್ರಮಗಳಲ್ಲಿ ಮೇಲಿನ ದರ್ಜೆಗೆ ಏರಿದವರಿಗೆ ಸಿಗುವ ದೊಡ್ಡ ಮರ್ಯಾದೆ ಬೆಳಗಿನ ಉಚಿತ ತಿಂಡಿ. ಎಲ್ಲರಿಗೂ ತಿಂಡಿ ಸೇರಿರುವ ಕಡೆ ಆ ಮರ್ಯಾದೆಗೆ ಅರ್ಥವಿಲ್ಲ.

ಇದನ್ನೆಲ್ಲ ಪಟ್ಟಿ ಮಾಡಿ ಅಕ್ಕನಿಗೆ ಕಳಿಸಿದೆ. ಎಷ್ಟು ರೆಸ್ಟೋರೆಂಟು, ಎಷ್ಟು ಈಜುಕೊಳ, ಸಸ್ಯಾಹಾರ ಇದೆಯೋ ಇಲ್ಲವೋ, ವಿಮಾನ ನಿಲ್ದಾಣದಿಂದ ಎಷ್ಟು ದೂರ. ಅಂದು ರಾತ್ರಿ ಮುದ್ದೆ ಕಟ್ಟುತ್ತಾ ಅಮ್ಮ ಕೇಳಿದಳು, "ಎಲ್ಲಾ ಸೇರಿ ಅಂದ್ರೆ, ಕುಡಿಯಾದೂ ಸೇರೈತಾ?"

ಹೂಂ ಅಂದೆ.

"ದುಡ್ಡು ಕೊಟ್ಟು ಕುಡಿಯೋ ಅಂಥದ್ದು ಯಾವ್ದೂ ಇಲ್ವಾ?"

ಇಲ್ಲಿಂದ ಮುಂದಿನದನ್ನು ಅಪ್ಪನನ್ನು ಕೇಳಿಯೇ ಬರೆಯುತ್ತಿದ್ದೇನೆ. ಅಪ್ಪ ಕುಡಿತ ಬಿಟ್ಟು ಆರು ವರ್ಷವಾಯಿತು. ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಎರಡು ಸಲ ಹೋಗಿ, ಎರಡನೆಯ ಸಲ ನಿಂತದ್ದು. ನಾನು ಚಿಕ್ಕವನಿದ್ದಾಗ ಸಾರಾಯಿ ಪಾಕೀಟಿನ ಕಾಲ. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು, ಅಪ್ಪ ನಿಲ್ಲಿಸಲಿಲ್ಲ, ಬ್ರಾಂದಿಗೆ ಬದಲಾದ. ಅಂಗಡಿಯಲ್ಲಿ ಅಪ್ಪನ ಹೆಸರಿನದೊಂದು ಪುಟ ಇತ್ತು. ಕಡ್ಲೆಕಾಯಿ ಮಾರಿದ ಮೇಲೆ ತೀರಿಸುವುದು. ಅಮ್ಮನ ಲೆಕ್ಕ ಈಗಲೂ ಅವಳ ಬಾಯಲ್ಲೇ ಇದೆ: "ಕಾಸು ಕೊಟ್ಟು ಕುಡಿದ ದಿನ ಒಂದು, ಇಲ್ಲಾ ಎರಡು. ಬರ್ಕಳಪ್ಪಾ ಅಂದ ದಿನ ಲೆಕ್ಕನೇ ಇಲ್ಲ." ಮಳೆ ಕೈಕೊಟ್ಟು ಕಡ್ಲೆಕಾಯಿ ಬರಡಾದ ವರ್ಷ ಆ ಪುಟ ತೀರಿಸಲು ಹೋದದ್ದು ಅವಳ ಕಿವಿಯ ಓಲೆ.

ಅಮ್ಮನಿಗೆ ಬೆಲೆ ಒಂದು ಬೇಲಿ. ಊಟದ ಕಡೆ ಆ ಬೇಲಿ ಕೀಳಬೇಕು ಅಂತ ಅಕ್ಕ ಒದ್ದಾಡುತ್ತಿದ್ದಳು, ಕುಡಿಯುವ ಕಡೆ ಅದು ಇರಲಿ ಅಂತ ಅಮ್ಮ ಕೇಳುತ್ತಿದ್ದಳು. ಈ ರೆಸಾರ್ಟುಗಳು ಎರಡನ್ನೂ ಒಟ್ಟಿಗೇ ಕೀಳುತ್ತವೆ.

ನನ್ನ ಪಟ್ಟಿಯನ್ನು ಮತ್ತೆ ತೆರೆದೆ. ಒಳ್ಳೆಯದು ಅಂತ ಗುರುತು ಹಾಕಿದ ಎಷ್ಟೋ ಸಾಲುಗಳು ಈಗ ಬೇರೆ ಥರ ಕಂಡವು. ಈಜುಕೊಳದ ಒಳಗೇ ಬಾರು. ಕೋಣೆಗೆ ಯಾವ ಹೊತ್ತಿನಲ್ಲೂ ತಂದುಕೊಡುವ ಸೇವೆ. ಕೋಣೆಯ ಫ್ರಿಜ್ಜಿನಲ್ಲಿ ಬಿಯರು, ದಿನಾ ತುಂಬಿಸುತ್ತಾರೆ. ಕೆಲವು ರೆಸಾರ್ಟುಗಳಲ್ಲಿ ಕೈಗೆ ಪಟ್ಟಿ ಕಟ್ಟುತ್ತಾರೆ. ಸೀಕ್ರೆಟ್ಸ್, ಡ್ರೀಮ್ಸ್‌ನವರು ನಮ್ಮಲ್ಲಿ ಪಟ್ಟಿಯೂ ಬೇಡ, ಸಹಿಯೂ ಬೇಡ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಂಗಡಿಯ ಪುಟದಲ್ಲಿ ಕೊನೆಗೆ ಬರೆದಿಡುವುದಾದರೂ ಇತ್ತು. ಕ್ಲಬ್ ಮೆಡ್‌ನ ಮಣಿಸರವೇ ವಾಸಿ ಅನ್ನಿಸಿತು, ಕೊರಳು ಖಾಲಿಯಾದದ್ದು ಕಣ್ಣಿಗೆ ಕಾಣುತ್ತದೆ.

ನನಗೆ ಕಬಿನಿ ನೆನಪಾಯಿತು. ಜಂಗಲ್ ಲಾಡ್ಜಸ್ ನಮ್ಮ ರಾಜ್ಯ ಸರ್ಕಾರದ್ದೇ ಕಂಪನಿ, 1980ರಲ್ಲಿ ಶುರುವಾದದ್ದು. ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆ ಬಂಗಲೆಯನ್ನೇ ಅತಿಥಿಗಳಿಗೆ ತೆರೆದರು. ಕರ್ನಲ್ ಜಾನ್ ವೇಕ್‌ಫೀಲ್ಡ್ ಎಂಬ ಹಿರಿಯರು ತಮ್ಮ ಕೊನೆಗಾಲದವರೆಗೆ, 2010ರ ತನಕ, ಅಲ್ಲಿಯೇ ಇದ್ದರು. ಅದೂ ತಲೆಗಿಷ್ಟು ಅಂತ ಎಲ್ಲ ಸೇರಿದ ದರವೇ. ಕೋಣೆ, ಊಟ, ಸಫಾರಿ. ಆದರೆ ಬಾರಿನ ಬಿಲ್ಲು ಬೇರೆ. ಅವರು ಸೇರಿಸಿರುವುದು ಕಾಡನ್ನು, ಇವರು ಸೇರಿಸಿರುವುದು ಬಾರನ್ನು. ಕುಡಿಯದವನು ಪಕ್ಕದವನ ಗ್ಲಾಸಿಗೆ ದುಡ್ಡು ಹಾಕುವ ಪ್ರಮೇಯ ಕಬಿನಿಯಲ್ಲಿ ಇಲ್ಲ. ನನ್ನ ತೀರ್ಪು ಕೇಳಿದರೆ ಇದೇ ಸರಿಯಾದ ಎಲ್ಲ ಸೇರಿದ್ದು. (ನಮ್ಮ ತಾಲ್ಲೂಕಿನ ಮೈದನಹಳ್ಳಿ ಕೃಷ್ಣಮೃಗ ಧಾಮದಲ್ಲಿ ಏನೂ ಸೇರಿಲ್ಲ. ಬುತ್ತಿ ನಮ್ಮದು, ನೀರು ನಮ್ಮದು, ಜಿಂಕೆ ಮಾತ್ರ ಅರಣ್ಯ ಇಲಾಖೆಯದು.) ಆದರೆ ಅಕ್ಕನ ಪಾಯಿಂಟು ಕಬಿನಿಯಲ್ಲಿ ನಡೆಯುವುದಿಲ್ಲ.

ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳಿಗೆ ಸಿಟ್ಟು ಬಂತು. "ಆರು ವರ್ಷ ಆಯ್ತು ಕಣೋ. ಇನ್ನೂ ಅಪ್ಪನ್ನ ಕಳ್ಳನ ಥರ ಕಾಯ್ತೀರಾ?" ಅಂದಳು. ಅವಳ ಮಾತು ನಿಜ. ಆ ಆರು ವರ್ಷ ಅವಳು ಡಲ್ಲಾಸಿನಲ್ಲಿದ್ದಳು, ಅಮ್ಮ ಇಲ್ಲಿದ್ದಳು, ಅದೂ ನಿಜ. ಮೂವರೂ ಒಂದು ವಾರ ಅಪ್ಪನಿಗೆ ಗೊತ್ತಾಗದ ಹಾಗೆ ಅಪ್ಪನ ಬಗ್ಗೆಯೇ ಮಾತಾಡಿದೆವು.

ಅಪ್ಪನಿಗೆ ಎಲ್ಲಾ ಗೊತ್ತಿತ್ತು. ಪಡಸಾಲೆಯಲ್ಲಿ ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಾ ಕೂತಿದ್ದವನು ನನ್ನನ್ನು ಕರೆದ.

"ಮಧುಗಿರಿ ಬಸ್‌ಸ್ಟ್ಯಾಂಡಿಂದ ನಮ್ಮೂರ ಗೇಟಿನ ತನಕ ಎಷ್ಟು ಬಾರ್ ಅವೆ?"

ಗೊತ್ತಿಲ್ಲ ಅಂದೆ.

"ಒಂಬತ್ತು. ಹೋಗ್ತಾ ಬರ್ತಾ ಎಣಿಸ್ತೀನಿ." ಇನ್ನೊಂದು ಹಿಡಿ ಕಾಯಿ ತಗೊಂಡ. "ಅಲ್ಲೆಲ್ಲಾ ನನ್ ಜೊತೆ ಯಾರ್ ಬಂದಿದ್ರು?"

ಕಬಿನಿ ಮಾತು ತೆಗೆದೆ. ಆನೆ ಟಿವಿಯಲ್ಲೂ ಕಾಣುತ್ತದೆ, ನಿಮ್ಮಮ್ಮ ಸಮುದ್ರ ನೋಡಿಲ್ಲ ಅಂದ. ಸ್ವಲ್ಪ ಹೊತ್ತು ಬಿಟ್ಟು, "ರೂಮ್ ಒಳಗೆ ಇರೋದು ಮಾತ್ರ ತೆಗ್ಸು. ಹೊರಗಿಂದು ನಾನ್ ನೋಡ್ಕತೀನಿ. ಒಳಗಿಂದು ರಾತ್ರಿ ಎರಡು ಗಂಟೆಗೆ ಎಚ್ಚರಾದಾಗ ಕಾಣಬಾರ್ದು" ಅಂದ.

ನಾನು ಓದಿದ ಯಾವ ಹೋಲಿಕೆಯಲ್ಲೂ ರಾತ್ರಿ ಎರಡು ಗಂಟೆಯ ಫ್ರಿಜ್ಜಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅಕ್ಕ ಕ್ಯಾನ್‌ಕುನ್‌ನ ಹಯಾತ್ ಜೀವಾದಲ್ಲಿ ಎರಡು ಕೋಣೆ, ಮೂರು ರಾತ್ರಿ ಕಾಯ್ದಿರಿಸಿದಳು. ಭೂಮಿಯ ತುದಿಯಲ್ಲಿರುವ ಜಾಗ, ಮೂರು ಕಡೆ ಸಮುದ್ರ. ನಿಷ್ಠೆ ಪೂರ್ತಿ ಖರ್ಚಾಗಿ ಖಾತೆಯಲ್ಲಿ ಪುಡಿಗಾಸು ಉಳಿದಿದೆ. ಅಲ್ಲಿಯ ಮೆನುವಿನಲ್ಲಿ ಬೆಲೆ ಇರುವುದಿಲ್ಲ ಅಂತ ಅಮ್ಮನಿಗೆ ಬಿಡಿಸಿ ಹೇಳಿದೆ. "ಹಂಗಾದ್ರೆ ಏನ್ ನೋಡಿ ಹೇಳಾದು?" ಅಂದಳು. ನಿನಗೆ ಏನು ತಿನ್ನಬೇಕು ಅನ್ನಿಸುತ್ತೋ ಅದನ್ನು ಹೇಳು ಅಂದದ್ದಕ್ಕೆ, ನಿಮ್ಮಪ್ಪ ಏನು ತಿಂತಾನೋ ಅದೇ ಹೇಳ್ತೀನಿ ಬಿಡು ಅಂತ ಎದ್ದು ಹೋದಳು.

ಅಪ್ಪ ಅಮ್ಮ ಉಳಿಯುವ ಕೋಣೆಯ ಫ್ರಿಜ್ಜಿನಲ್ಲಿ ನೀರು, ಜ್ಯೂಸು ಬಿಟ್ಟು ಬೇರೇನೂ ಇಡಬೇಡಿ ಎಂದು ಅಕ್ಕ ಹೋಟೆಲಿಗೆ ಮೇಲ್ ಹಾಕಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.