ಸೀಸದ ಗುಂಡಿನ ಮೇಲಿನ ಲೇಪ

ಬಿಡಕಿನ್ ಎಂಬ ಊರಿನ ಹೆಸರು ನಮ್ಮ ಓದುಗರಲ್ಲಿ ಹಲವರಿಗೆ ಅಪರಿಚಿತವಿರಬಹುದು. ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ದಾರಿಯಲ್ಲಿ ಇದು ಸಿಗುತ್ತದೆ. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಈಗ ಅಗಲವಾದ ಕೈಗಾರಿಕಾ ರಸ್ತೆಗಳು ಎದ್ದಿವೆ. ಕೇಂದ್ರ ಸರಕಾರದ ನೌಕರಿ ನಮ್ಮನ್ನು ಇಲ್ಲಿಗೆ ತಂದು ನಿಲ್ಲಿಸಿದೆ. ಕವಿರಾಜಮಾರ್ಗಕಾರನು ಕನ್ನಡ ನಾಡಿನ ಬಡಗಣ ಎಲ್ಲೆಯಾಗಿ ಹೇಳಿದ ಗೋದಾವರಿ ಪೈಠಣದಲ್ಲೇ ಹರಿಯುತ್ತಾಳೆ; ಆದ್ದರಿಂದ ಪರನಾಡಿನಲ್ಲಿದ್ದೇವೆ ಎಂದು ನಾವು ಪೂರ್ತಿಯಾಗಿ ಒಪ್ಪಿಕೊಂಡದ್ದಿಲ್ಲ.

ಈ ಭಾಗದ ಸಣ್ಣ ಕಾರ್ಖಾನೆಗಳಲ್ಲಿ ವಾಹನಗಳ ಬಿಡಿಭಾಗಗಳಿಗೆ ಬಣ್ಣದ ಪುಡಿ ಸಿಂಪಡಿಸಿ, ಒಲೆಯಲ್ಲಿ ಬೇಯಿಸಿ, ಗಟ್ಟಿ ಲೇಪವಾಗಿಸುವ ಕೆಲಸ ನಡೆಯುತ್ತದೆ. ಅಮೆರಿಕದಲ್ಲಿ ಮನೆಯಲ್ಲೇ ಸೀಸ ಕರಗಿಸಿ ಬಂದೂಕಿನ ಗುಂಡು ಎರೆಯುವ ಹವ್ಯಾಸಿಗಳೂ ಇದೇ ಬಗೆಯ ಪುಡಿಯನ್ನು ಬಳಸುತ್ತಾರೆಂದು ತಿಳಿದಾಗ ನಮಗೆ ಅಚ್ಚರಿಯಾಯಿತು. ಸೀಸ ಮೆದು ಲೋಹ. ಬರಿಯ ಗುಂಡು ನಳಿಕೆಯ ತಿರುಪುಗೆರೆಗಳಿಗೆ ಉಜ್ಜಿ ಅಲ್ಲೇ ಅಂಟಿಕೊಳ್ಳುತ್ತದೆ. ಹಿಂದೆ ಜೇನುಮೇಣವೋ ಕೊಬ್ಬೋ ಮಾಡುತ್ತಿದ್ದ ಕೆಲಸವನ್ನು ಈಗ ಪ್ಲಾಸ್ಟಿಕ್ಕಿನ ತೆಳುಪದರ ಮಾಡುತ್ತದೆ. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದರೆ ಗುಂಡಿನ ಲೇಪದ ಬಗ್ಗೆ ಈ ದೇಶದಷ್ಟು ದುಬಾರಿಯಾದ ಪಾಠ ಕಲಿತ ದೇಶ ಇನ್ನೊಂದಿಲ್ಲ.

ಅದು 1857ರ ಕಥೆ. ಕಂಪನಿ ಸರಕಾರ ನುಣುಪು ನಳಿಕೆಯ ಹಳೆಯ ಬಂದೂಕಿನ ಬದಲಿಗೆ ತಿರುಪುಗೆರೆಯ ಎನ್‌ಫೀಲ್ಡ್ ರೈಫಲನ್ನು ತಂದಿತು. ಮದ್ದು, ಗುಂಡುಗಳೆರಡನ್ನೂ ಕಾಗದದಲ್ಲಿ ಸುತ್ತಿದ ಕಾಡತೂಸು ಅದರದು. ಮರಾಠಿಗೂ ನಮಗೂ ಈ ಮಾತು ಒಂದೇ. ಗುಂಡು ಬಾಯಿಯಿಂದ ಬುಡದವರೆಗೆ ಸಲೀಸಾಗಿ ಇಳಿಯಲೆಂದು ಕಾಗದಕ್ಕೆ ಕೊಬ್ಬು, ಮೇಣ ಸವರುತ್ತಿದ್ದರು. ಸಿಪಾಯಿ ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಕೊಬ್ಬು ಯಾವ ಪ್ರಾಣಿಯದಾಗಿರಬೇಕೆಂದು ಯಾರೂ ಷರತ್ತು ಹಾಕಿರಲಿಲ್ಲ. ದನದ್ದು, ಹಂದಿಯದ್ದು ಎಂಬ ಮಾತು ಆ ಜನವರಿಯಲ್ಲಿ ಕಲ್ಕತ್ತೆಯ ಹತ್ತಿರದ ಡಂಡಂನಿಂದ ಹೊರಟಿತು.

ಇಂಗ್ಲಿಷ್ ಎಂ.ಎ. ಓದಿದ ನಮಗೆ ಜಾನ್ ಕೇ ಬರೆದ ಸಿಪಾಯಿ ಯುದ್ಧದ ಇತಿಹಾಸ ಮೊದಲು ಗದ್ಯದ ಸೊಗಸಿಗಾಗಿ ರುಚಿಸಿತ್ತು. ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ಮೇಲೆ ಈಗ ನಮ್ಮ ಕಣ್ಣು ನಿಲ್ಲುವುದು ಬೇರೆ ಕಡೆ. ಸರಕಾರ ಸುಮ್ಮನೆ ಕೂತಿರಲಿಲ್ಲ. ಆ ಜನವರಿಯ ಕೊನೆಯಲ್ಲೇ, ಲೇಪವಿಲ್ಲದ ಕಾಡತೂಸು ಕೊಡುತ್ತೇವೆ, ಬೇಕಾದ ಎಣ್ಣೆ, ಮೇಣವನ್ನು ನೀವೇ ಸವರಿಕೊಳ್ಳಿ ಎಂಬ ಆದೇಶ ಹೊರಟಿತು. ಆಗ ಅನುಮಾನ ಕೊಬ್ಬನ್ನು ಬಿಟ್ಟು ಕಾಗದದ ಹೊಳಪಿನ ಮೇಲೆ ಹೋಯಿತು. ಹಲ್ಲು ಬೇಡ, ಬೆರಳಿನಿಂದ ಹರಿಯಿರಿ ಎಂದು ಕವಾಯತನ್ನೇ ಬದಲಿಸಿದರು. ಏನೂ ಇಲ್ಲದಿದ್ದರೆ ಬದಲಿಸುವುದೇಕೆ ಎಂಬ ಪ್ರಶ್ನೆ ಹುಟ್ಟಿತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ಕಾಡತೂಸು ಮುಟ್ಟಲಿಲ್ಲ. ಮೇ 10ಕ್ಕೆ ದಂಗೆಯೆದ್ದಿತು. ಪ್ರತಿಯೊಂದು ತಿದ್ದುಪಡಿಯೂ ಸರಿಯಾಗಿತ್ತು, ಪ್ರತಿಯೊಂದೂ ತಡವಾಗಿತ್ತು.

ನಮ್ಮ ನಗರದ ಸಂಗತಿ ಇನ್ನೂ ವಿಚಿತ್ರ. ಜೂನ್‌ನಲ್ಲಿ ಔರಂಗಾಬಾದಿನ ಹೈದರಾಬಾದ್ ತುಕಡಿಯ ಕುದುರೆ ಸವಾರರು ತಿರುಗಿಬಿದ್ದದ್ದು ಕಾಡತೂಸಿಗಾಗಿ ಅಲ್ಲ, ತಮ್ಮನ್ನು ದಿಲ್ಲಿಯ ಬಾದಶಹನ ವಿರುದ್ಧ ಕಳಿಸುತ್ತಾರೆಂಬ ಸುದ್ದಿಗೆ. ಪುಣೆಯಿಂದ ಜನರಲ್ ವುಡ್‌ಬರ್ನ್‌ನ ದಂಡು ಬಂದು ಅವರನ್ನು ಅಡಗಿಸಿತು. ಅವರ ನೆನಪಿನ ಕ್ರಾಂತಿ ಚೌಕದಲ್ಲಿ ಈಗ ಸದಾ ವಾಹನಗಳ ದಟ್ಟಣೆ. ಅದೇ ವರ್ಷದ ನವೆಂಬರಿನಲ್ಲಿ, ಆಯುಧ ಒಪ್ಪಿಸಿರೆಂಬ ಹುಕುಮಿಗೆ ಮುಧೋಳದ ಹತ್ತಿರದ ಹಲಗಲಿಯ ಬೇಡರು ಸೆಡ್ಡು ಹೊಡೆದರು. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ಅವರ ಲಾವಣಿಯನ್ನು ಉಳಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿ. ಬೇಟೆಯ ಬಂದೂಕು ಬೇಡರಿಗೆ ಅನ್ನವೂ ಹೌದು, ಮಾನವೂ ಹೌದು; ಹುಕುಮು ಬರೆದವರಿಗೆ ಅದು ಬರಿಯ ಕಬ್ಬಿಣ.

ನಮ್ಮ ಕಚೇರಿಯ ಕಿಟಕಿಗೆ ಬರುವ ಮುದುಕರು ಅಚ್ಚಾದ ಸೂಚನೆಯನ್ನು ಓದಿಸಿಕೊಂಡ ಮೇಲೂ ತಗ್ಗಿದ ದನಿಯಲ್ಲಿ ಮತ್ತೆ ಕೇಳುತ್ತಾರೆ: "ಸಾಹೇಬ, ಇದರೊಳಗೆ ಏನಿದೆ?" ಹೊಲ ಹೋಗಿ ರಸ್ತೆ ಬಂದದ್ದನ್ನು ಕಂಡವರು ಅವರು. ಸಹೋದ್ಯೋಗಿಗಳು ಇದನ್ನು ಅಜ್ಞಾನವೆನ್ನುತ್ತಾರೆ. ನಮಗೆ ಹಾಗೆನ್ನಿಸದು. ಬಾಯಿಗಿಡಬೇಕಾದ ವಸ್ತುವಿನಲ್ಲಿ ಏನಿದೆಯೆಂದು ಕೇಳುವುದು ವಿವೇಕ. ಡಂಡಂನ ಸಿಪಾಯಿಯೂ ಕೇಳಿದ್ದು ಇಷ್ಟನ್ನೇ. ಉತ್ತರ ಕೊಡಬೇಕಾದವರಿಗೆ ಕೊಬ್ಬು ಯಾವುದೆಂದು ತಮಗೇ ತಿಳಿದಿರಲಿಲ್ಲ.

ಆದ್ದರಿಂದ ನಾವೀಗ ಸುತ್ತೋಲೆಯ ಕರಡು ಬರೆಯುವಾಗ, ನಮ್ಮ ತೊದಲು ಮರಾಠಿಯಲ್ಲೇ ಸರಿ, ಒಬ್ಬರಿಗಾದರೂ ಬಾಯಿಮಾತಿನಲ್ಲಿ ಮೊದಲು ಹೇಳಿ ನೋಡುತ್ತೇವೆ. ಅವರು ಕೇಳುವ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲದಿದ್ದರೆ ಆ ಕಾಗದ ಅಂದು ಹೊರಡುವುದಿಲ್ಲ.