ಗಾರೆ ಗೋಡೆಗೆ ಸಿಮೆಂಟಿನ ಮದ್ದು

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾದಾಗಲೂ, 2016ರಲ್ಲಿ ದುರಸ್ತಿಯ ನಡುವೆಯೇ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಉರುಳಿದಾಗಲೂ, ಕಟ್ಟಡದ ವಯಸ್ಸನ್ನೇ ದೂರುವ ವಾದ ಬಲವಾಗಿ ಕೇಳಿಬಂದಿತು. ಆದರೆ ಇಂಥ ಹಳೆಯ ಕಟ್ಟಡಗಳ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಿಂದ ಬೆಸೆದ ಚಾವಣಿ, ಸೋರುವ ನೀರು ತೊಲೆಯ ತುದಿಗೆ ಇಳಿಯದಂತೆ ನೋಡಿಕೊಳ್ಳುವವರಿರುವ ತನಕ ಬಾಳುತ್ತದೆ. ಗೋಡೆಯ ತೇವವನ್ನು ಗಾರೆ ಹೊರಬಿಡುತ್ತದೆ, ಅದರ ಮೇಲೆ ಬಳಿದ ಸಿಮೆಂಟಾದರೋ (ಅಗ್ಗದ ದುರಸ್ತಿಗೆ ಮೊದಲು ನೆನಪಾಗುವುದು ಅದೇ) ಆ ತೇವವನ್ನು ಒಳಗೇ ಹಿಡಿದಿಟ್ಟು ಇಟ್ಟಿಗೆಯನ್ನು ಪುಡಿಯಾಗಿಸುತ್ತದೆ. ವರ್ಷಗಟ್ಟಲೆ ಆರೈಕೆ ತಪ್ಪಿಸಿ, ಕೊನೆಗೆ ಶಿಥಿಲವೆಂದು ಘೋಷಿಸಿ ಕೆಡಹುವುದೂ ನವೀಕರಣವೆನಿಸಿಕೊಳ್ಳುತ್ತಿರುವಾಗ, ಗಾರೆ ಕೆಲಸ ಬಲ್ಲವರಿಗೂ ನಿತ್ಯದ ನಿರ್ವಹಣೆಗೂ ಹಣವಿಡದ ಯಾವ ಪಾರಂಪರಿಕ ಪಟ್ಟಿಯೂ ಈ ಕಟ್ಟಡಗಳನ್ನು ಉಳಿಸಲಾರದು.