ನೀರಿಗೊಂದು ದಾರಿ

ಮನೆಯೊಳಗೆ ಕುಳಿತಿರುವಾಗ ತಲೆಯ ಮೇಲೆ ಒಂದು ಹನಿ ನೀರು ಬಿದ್ದರೆ ನೀವು ಮೊದಲು ಎಲ್ಲಿ ನೋಡುತ್ತೀರಿ? ನೇರವಾಗಿ ಮೇಲಕ್ಕೆ. ಅಲ್ಲೊಂದು ತೂತು ಇರಲೇಬೇಕೆಂದು ಹುಡುಕುತ್ತೀರಿ. ಕಂಡ ತೂತನ್ನು ಮುಚ್ಚುತ್ತೀರಿ. ನಾನೂ ಹಾಗೆಯೇ ಮಾಡಿದೆ. ಮಲೆನಾಡಿನ ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಅದಕ್ಕಿಂತ ಹೆಚ್ಚಿನ ತಿಳಿವಳಿಕೆ ಇರಬೇಕಾಗಿತ್ತು. ಇರಲಿಲ್ಲ ಎಂಬುದು ತಿಳಿದದ್ದು ಬಹುದೂರದ ಒಂದು ಊರಿನಲ್ಲಿ, ಒಂದು ಪುಟ್ಟ ಕಾರಿನೊಳಗೆ.

2011ರಿಂದ 2016ರವರೆಗೆ ನಾನು ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ಒಂದು ಚಿಕ್ಕ ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ನಮ್ಮ ಮಳೆ ಕೆಲವು ತಿಂಗಳು ಬೊಬ್ಬಿರಿದು ಸುರಿದು ಹೊರಟುಹೋಗುತ್ತದೆ. ಅಲ್ಲಿಯದು ಹಾಗಲ್ಲ, ಸದ್ದು ಮಾಡದೆ, ವರ್ಷದ ಯಾವ ದಿನವಾದರೂ ಬಂದು ಕುಳಿತುಕೊಳ್ಳುವ ನೆಂಟ. ಗುರುಮನೆಯಿಂದ ನಾಲ್ಕನೆಯ ಮನೆಯಲ್ಲಿ ಒಬ್ಬ ನಿವೃತ್ತ ಶಾಲಾ ಶಿಕ್ಷಕರಿದ್ದರು. 2012ರ ಅಕ್ಟೋಬರಿನಲ್ಲಿ ಅವರ ಪತ್ನಿ ತೀರಿಕೊಂಡರು. ಅಂತ್ಯಕ್ರಿಯೆಯನ್ನು ನಡೆಸಿಕೊಟ್ಟವನು ನಾನೇ. ಅವರ ಅಂಗಳದಲ್ಲಿ, ಸಿಕಮೋರ್ ಮರದಡಿಯಲ್ಲಿ, ಹಸಿರು ಬಣ್ಣದ ಒಂದು ಪುಟ್ಟ ಕಾರು ನಿಂತಿತ್ತು. ಅದು ಆಕೆಯ ಕಾರು. ಆಕೆ ಓಡಿಸುವುದು, ಇವರು ಎಡಬದಿಯ ಆಸನದಲ್ಲಿ ಕುಳಿತು ದಾರಿ ಹೇಳುವುದು. ಹೇಳಿದ ದಾರಿಯಲ್ಲಿ ಆಕೆ ಒಮ್ಮೆಯೂ ಹೋದದ್ದಿಲ್ಲವೆಂದು ಅವರೇ ನಗುತ್ತಿದ್ದರು. ಪ್ರತಿ ಜೂನ್ ತಿಂಗಳ ಒಂದು ದಿನ ಇಬ್ಬರೂ ಕಾರಿನ ಮಾಡು ತೆರೆದು ಮೋರ್ಕಂಬ್‌ನ ಕಡಲ ತೀರಕ್ಕೆ ಹೋಗಿಬರುತ್ತಿದ್ದರು.

ಅದು 1999ರ ಮಾಜ್ದಾ ಎಂಎಕ್ಸ್-5. 1989ರಲ್ಲಿ ಅಮೆರಿಕದ ಶಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಜಪಾನಿ ಕಾರು ಎಷ್ಟು ಜನಪ್ರಿಯವಾಯಿತೆಂದರೆ, 2016ರ ಏಪ್ರಿಲ್ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಅದರಲ್ಲಿ ಇರುವುದು ಎರಡೇ ಆಸನಗಳು. ಮೇಲೆ ಉಕ್ಕಿನ ಮಾಡಿಲ್ಲ. ಕಮಾನುಗಳ ಮೇಲೆ ಬಿಗಿದ ಮೆದುವಾದ ಹೊದಿಕೆ. ಮುಂದಿನ ಗಾಜಿನ ಅಂಚಿನಲ್ಲಿರುವ ಎರಡು ಕೊಂಡಿಗಳನ್ನು ಬಿಚ್ಚಿ ಹಿಂದಕ್ಕೆ ಮಡಚಿದರೆ ಸಾಕು, ಆಕಾಶವೇ ಮಾಡು.

2013ರ ವಸಂತದಲ್ಲಿ ಒಂದು ದಿನ ಅವರು ನನ್ನನ್ನು ಕರೆದು ಕಾರಿನ ಬಾಗಿಲು ತೆರೆದರು. ಚಳಿಗಾಲವಿಡೀ ನಿಂತಲ್ಲೇ ನಿಂತಿದ್ದ ಕಾರಿನೊಳಗಿನಿಂದ ಕೊಳೆತ ಎಲೆಯ ವಾಸನೆ ಬಂತು. ಗಾಜುಗಳ ಒಳಮೈಗೆ ಮಂಜು ಹಿಡಿದಿತ್ತು. ಎಡಬದಿಯ ನೆಲಹಾಸನ್ನು ಒತ್ತಿದರೆ ಬೆರಳ ಸುತ್ತ ನೀರು ಒಸರಿತು. ಆ ದೇಶದಲ್ಲಿ ಮೂರು ವರ್ಷ ದಾಟಿದ ಕಾರುಗಳು ಪ್ರತಿವರ್ಷವೂ ಎಂಒಟಿ ಎಂಬ ಸುರಕ್ಷತಾ ಪರೀಕ್ಷೆಯನ್ನು ಎದುರಿಸಬೇಕು. ಅದಕ್ಕೆ ಆರು ವಾರ ಬಾಕಿ ಇತ್ತು. “ಈ ಸಲ ತೇರ್ಗಡೆಯಾಗದಿದ್ದರೆ ಗುಜರಿಗೆ ಕೊಟ್ಟುಬಿಡುತ್ತೇನೆ, ಫಾದರ್” ಎಂದರು. ಆ ಮಾತನ್ನು ಅವರು ಕಾರಿನ ಕಡೆ ನೋಡದೆ ಹೇಳಿದರು. ಇಗರ್ಜಿಯ ಮುಖಮಂಟಪದ ಸೋರಿಕೆಯನ್ನು ನಿಲ್ಲಿಸಿದ್ದ ಹೆಮ್ಮೆ ನನ್ನಲ್ಲಿತ್ತು. “ನನಗೆ ಬಿಡಿ” ಎಂದೆ.

ಹೊದಿಕೆಯನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸಿದೆ. ಹಳೆಯದಾದ ಹೊಲಿಗೆಗಳಿಗೆ ಅಂಟು ಬಳಿದೆ. ಆಮೇಲೆ ಎಡ ಆಸನದ ಹಿಂದೆ, ಸೀಟ್‌ಬೆಲ್ಟಿನ ಕಂಬದ ಹಿಂಬದಿಯ ಮೂಲೆಯಲ್ಲಿ, ಕಪ್ಪು ಕೆಸರು ತುಂಬಿದ ಒಂದು ಗುಳಿ ಕೈಗೆ ಸಿಕ್ಕಿತು. ಕೆಸರನ್ನು ಬಳಿದು ತೆಗೆದಾಗ ತಳದಲ್ಲಿ ಒಂದು ರಂಧ್ರ ಕಂಡಿತು. ನೀರು ನುಗ್ಗುತ್ತಿರುವ ತೂತು ಇದೇ ಎಂದು ನಿಶ್ಚಯಿಸಿದೆ. ಸಿಲಿಕೋನ್ ಅಂಟನ್ನು ಅದರ ತುಂಬ ಒತ್ತಿ ತುಂಬಿ, ಕೈ ತೊಳೆದುಕೊಂಡು ಬಂದೆ.

ಅನಂತರ ನಾಲ್ಕು ದಿನ ಬಿಡದೆ ಮಳೆ ಬಂತು. ಐದನೆಯ ದಿನ ಹೋಗಿ ನೋಡಿದರೆ ಎಡಬದಿಯ ನೆಲದಲ್ಲಿ ಎರಡು ಬೆರಳಿನಷ್ಟು ನೀರು ನಿಂತಿತ್ತು. ಮೊದಲು ಒದ್ದೆಯಾಗಿದ್ದದ್ದು ಈಗ ಕೆರೆಯಾಗಿತ್ತು. ವೃದ್ಧರು ಒಂದು ಮಾತನ್ನೂ ಆಡಲಿಲ್ಲ. ಮನೆಯೊಳಗಿನಿಂದ ಹಳೆಯ ಟವೆಲುಗಳನ್ನು ತಂದು ನನ್ನ ಪಕ್ಕದಲ್ಲಿ ಮೊಣಕಾಲೂರಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಸಂಜೆಯೇ ಪಕ್ಕದ ಬೀದಿಯ ಒಬ್ಬ ಮೆಕ್ಯಾನಿಕ್‌ನನ್ನು ಕರೆತಂದೆ. ಆತ ಹೊದಿಕೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಒಂದು ಮಗ್ಗು ನೀರು ಕೇಳಿದ. ಹೊದಿಕೆಯನ್ನು ಅರ್ಧ ಮಡಚಿ, ಬಲ ಆಸನದ ಹಿಂದಿನ ಮೂಲೆಯಲ್ಲಿ ನಿಧಾನವಾಗಿ ಸುರಿದು, “ಕೆಳಗೆ ಬಗ್ಗಿ ನೋಡಿ” ಎಂದ. ಹಿಂದಿನ ಬಲಚಕ್ರದ ಮುಂದೆ, ಕಾರಿನ ಹೊಟ್ಟೆಯಡಿಯಿಂದ, ನೀರು ಸಣ್ಣ ಧಾರೆಯಾಗಿ ನೆಲಕ್ಕಿಳಿಯಿತು. ಎಡಬದಿಯಲ್ಲಿ ಸುರಿದಾಗ ಕೆಳಗೆ ಒಂದು ಹನಿಯೂ ಬರಲಿಲ್ಲ. “ಫಾದರ್, ನೀವು ಮುಚ್ಚಿದ್ದು ಸೋರುವ ತೂತನ್ನಲ್ಲ, ಬಚ್ಚಲ ಕಿಂಡಿಯನ್ನು” ಎಂದ.

ಆಗ ತಿಳಿದದ್ದು ಇಷ್ಟು. ಇಂತಹ ಕಾರಿನ ಹೊದಿಕೆಯ ಮೇಲೆ ಬಿದ್ದ ನೀರಿನಲ್ಲಿ ಒಂದು ಪಾಲು ಹಿಂದಕ್ಕೆ ಹರಿದು ಹೊದಿಕೆಯ ಬುಡಕ್ಕೆ ಸೇರುತ್ತದೆ. ಅಲ್ಲೊಂದು ಮಳೆದೋಣಿ ಇದೆ. ಅದು ನೀರನ್ನು ಎರಡೂ ಮೂಲೆಗಳಿಗೆ ಒಯ್ಯುತ್ತದೆ. ಮೂಲೆಯ ರಂಧ್ರದಿಂದ ಕೊಳವೆಯೊಂದು ಕಾರಿನ ಮೈಯೊಳಗೆ ಇಳಿದು ಹಿಂಚಕ್ರದ ಮುಂದೆ ಹೊರಬೀಳುತ್ತದೆ. ಅಂದರೆ ನೀರು ಅಲ್ಲಿಯವರೆಗೆ ಬರುವುದು ದೋಷವಲ್ಲ. ಬಂದೇ ಬರುತ್ತದೆಂದು ತಿಳಿದೇ ದಾರಿ ಮಾಡಿದ್ದಾರೆ. ಮರದ ಕೆಳಗೆ ನಿಂತ ಕಾರಿನಲ್ಲಿ ಎಲೆ, ಬೀಜ, ಧೂಳು ಆ ದಾರಿಯನ್ನು ಕಟ್ಟುತ್ತವೆ. ಹೋಗಲು ಎಡೆಯಿಲ್ಲದ ನೀರು ಉಕ್ಕಿ ಆಸನದ ಹಿಂದಿನಿಂದ ಒಳಗಿಳಿಯುತ್ತದೆ. ನಾವು ಹೊದಿಕೆಯನ್ನು ದೂರುತ್ತೇವೆ.

ನನಗೆ ನಮ್ಮ ತಂದೆ ನೆನಪಾದರು. ಮನೆಯಲ್ಲಿ ಸೋರಿದಾಗ ತಾಯಿ ಹನಿಯ ಕೆಳಗೆ ಪಾತ್ರೆಯಿಡುತ್ತಿದ್ದರು. ತಂದೆ ಮಾತ್ರ ಹನಿಯ ನೇರ ಮೇಲೆ ನೋಡುತ್ತಿರಲಿಲ್ಲ. ಪಕಾಸಿಯ ಗುಂಟ ಕಣ್ಣು ಹಾಯಿಸಿ, ನೀರು ಎಲ್ಲಿಂದ ನಡೆದುಬಂತೆಂದು ಹುಡುಕುತ್ತಿದ್ದರು. ಮೃಗಶಿರ ಮಳೆ ಹಿಡಿಯುವ ಮೊದಲು ಎರಡು ಮಾಡುಗಳು ಕೂಡುವ ದೋಣಿಯಿಂದ ಬುಟ್ಟಿಗಟ್ಟಲೆ ತರಗೆಲೆ ತೆಗೆಯುತ್ತಿದ್ದರು. ನಾನು ಕೆಳಗೆ ನಿಂತು ಆ ಬುಟ್ಟಿಯನ್ನು ಹಿಡಿದುಕೊಳ್ಳುತ್ತಿದ್ದೆ. ಬುಟ್ಟಿ ಹಿಡಿದವನಿಗೆ ಪಾಠ ಹತ್ತಿರಲಿಲ್ಲ.

ಅಂಟನ್ನು ಚೂರುಚೂರಾಗಿ ಕೀಳಲು ಒಂದಿಡೀ ಮಧ್ಯಾಹ್ನ ಬೇಕಾಯಿತು. ಆಮೇಲೆ ಮೊಂಡುತುದಿಯ, ಬಾಗುವ ನೈಲಾನ್ ತಂತಿಯನ್ನು ಮೆಲ್ಲಗೆ ಇಳಿಸಿದೆವು. ಚೂಪಾದ ಕಡ್ಡಿ ಕೊಳವೆಯನ್ನು ಹರಿಯಬಹುದು. ಗಾಳಿಯನ್ನು ರಭಸವಾಗಿ ಊದಿದರೆ ಕೊಳವೆ ತನ್ನ ಜೋಡಣೆಯಿಂದ ಕಳಚಿ, ನೀರು ಕಣ್ಣಿಗೆ ಕಾಣದೆ ಒಳಗೇ ಸುರಿಯಬಹುದು. ಕೊನೆಗೆ ಸಿಕಮೋರ್ ಬೀಜಗಳೂ ಎಲೆಯ ದಂಟುಗಳೂ ಸೇರಿದ ಕರಿಯ ಉಂಡೆಯೊಂದು ಚಕ್ರದ ಬಳಿ ಬಿತ್ತು. ಅದರ ಹಿಂದೆಯೇ ನೀರು ಬಂತು.

ಇನ್ನೂ ಬೇರೆ ದಾರಿಯಿಂದ ಒಸರುತ್ತಿದೆಯೇ ಎಂದು ನೋಡಬೇಕಾಗಿತ್ತು. ಒಬ್ಬರು ಟಾರ್ಚು ಹಿಡಿದು ಒಳಗೆ ಕುಳಿತರು. ಇನ್ನೊಬ್ಬರು ಗಿಡಗಳಿಗೆ ನೀರುಣಿಸುವ ಡಬ್ಬಿಯಿಂದ ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಭಾಗಕ್ಕೆ ಕೆಲವು ನಿಮಿಷ ನೀರು ಹನಿಸಿದರು. ಒಮ್ಮೆಗೇ ಎಲ್ಲೆಡೆ ಸುರಿದರೆ ಬಂದ ಹನಿ ಎಲ್ಲಿಯದೆಂದು ತಿಳಿಯದು. ಕಿಟಕಿಯ ಗಾಜಿಗೂ ರಬ್ಬರು ಪಟ್ಟಿಗೂ ನಡುವೆ ಕಾಗದದ ಚೂರನ್ನಿಟ್ಟು ಬಾಗಿಲು ಹಾಕಿ ಎಳೆದೆವು. ಸಲೀಸಾಗಿ ಜಾರಿಬಂದರೆ ಅಲ್ಲಿ ಹಿಡಿತವಿಲ್ಲವೆಂದು ಅರ್ಥ. ಪಟ್ಟಿಗಳನ್ನು ಸೌಮ್ಯ ಸಾಬೂನಿನಿಂದ ತೊಳೆದು ಸಿಲಿಕೋನ್ ಗ್ರೀಸ್ ಸವರಿ, ಸಡಿಲವಾಗಿದ್ದ ಕೊಂಡಿಗಳನ್ನು ಬಿಗಿಗೊಳಿಸಿದೆವು. ಪೆಟ್ರೋಲಿಯಂ ಎಣ್ಣೆ ಇಂತಹ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ನೆಲಹಾಸನ್ನು ಬಿಚ್ಚಿ ಒಣಹಾಕಿದೆವು. ಮೇಲೆ ಒಣಗಿದಂತೆ ಕಂಡರೂ ಅದರಡಿಯ ಸ್ಪಂಜು ವಾರಗಟ್ಟಲೆ ನೀರನ್ನು ಹಿಡಿದಿಟ್ಟುಕೊಂಡು ಉಕ್ಕನ್ನು ತಿನ್ನಿಸುತ್ತದೆ.

ಒಳಗೆ ಟಾರ್ಚು ಹಿಡಿದು ಕುಳಿತವರು ಆ ವೃದ್ಧರು, ತಮ್ಮ ಹಳೆಯ ಎಡ ಆಸನದಲ್ಲಿ. ಹೊದಿಕೆಯ ಮೇಲೆ ನೀರು ಹನಿಯುವ ಸದ್ದಿನ ನಡುವೆ ಅವರು ಮಾತನಾಡತೊಡಗಿದರು. ಪತ್ನಿಯ ಕೊನೆಯ ವಾರ, ಆಸ್ಪತ್ರೆಯಲ್ಲಿ ತಾವಿಬ್ಬರೂ ಆಡಿಕೊಂಡ ಒಂದು ಸಣ್ಣ ಜಗಳ, ಅದನ್ನು ಸರಿಪಡಿಸುವ ಮೊದಲೇ ಬಂದ ಬೆಳಗು. ನಾನು ಹೊರಗಿದ್ದೆ, ಕೈಯಲ್ಲಿ ಡಬ್ಬಿ, ನಡುವೆ ಬಟ್ಟೆಯ ಮಾಡು. ನಡುವೆ ಬಾಯಿಹಾಕಲು ಬರುವಂತಿರಲಿಲ್ಲ. ಆಗ ನನಗೊಂದು ವಿಷಯ ನೆನಪಾಯಿತು. ಆರು ತಿಂಗಳಲ್ಲಿ ಎರಡು ಮೂರು ಸಲ ಅವರು ಈ ಮಾತನ್ನು ಆರಂಭಿಸಿದ್ದರು. ಪ್ರತಿಸಲವೂ ನಾನು “ಆಕೆ ಈಗ ನೆಮ್ಮದಿಯಲ್ಲಿದ್ದಾರೆ, ಧೈರ್ಯ ತಂದುಕೊಳ್ಳಿ” ಎಂದು ಹೇಳಿ ಎದ್ದುಬಂದಿದ್ದೆ. ಸುಳ್ಳು ಹೇಳಿದ್ದೆನೆಂದಲ್ಲ. ಒಳ್ಳೆಯ ಮಾತನ್ನೇ ತಪ್ಪು ಜಾಗದಲ್ಲಿ ಒತ್ತಿ ತುಂಬಿದ್ದೆ. ಆ ದಿನ ಡಬ್ಬಿಯನ್ನು ಮೂರು ಸಲ ತುಂಬಿಸಿಕೊಂಡೆ. ಮೂರನೆಯದು ಕಾರಿಗೆ ಬೇಕಾಗಿರಲಿಲ್ಲ.

ಪರೀಕ್ಷೆಯಲ್ಲಿ ಕಾರು ತೇರ್ಗಡೆಯಾಗಲಿಲ್ಲ. ಬಾಗಿಲಿನ ಕೆಳಗೆ ಹೊಸ್ತಿಲಿನಂತಿರುವ ಉಕ್ಕಿನ ತೊಲೆ, ಎಡಬದಿಯಲ್ಲಿ ಹಿಂಚಕ್ರದ ಮುಂದೆ, ತುಕ್ಕು ಹಿಡಿದು ಪುಡಿಯಾಗಿತ್ತು. ಉಕ್ಕಿನ ಮಾಡಿಲ್ಲದ ಕಾರಿನಲ್ಲಿ ಬಲ ಬಹುಮಟ್ಟಿಗೆ ಆ ತೊಲೆಗಳ ಮೇಲೆ ನಿಂತಿರುವುದರಿಂದ ಅದನ್ನು ಹಾಗೆಯೇ ಬಿಡುವಂತಿಲ್ಲ. ಇಷ್ಟು ತುಕ್ಕು ಹಿಡಿಯಲು ವರ್ಷಗಳು ಬೇಕು, ಕೆಲವು ದಿನಗಳ ನೀರಿನಿಂದ ಆದದ್ದಲ್ಲವೆಂದು ಮೆಕ್ಯಾನಿಕ್ ಹೇಳಿದ. ಆ ಮಾತಿನಿಂದ ನಾನು ಪೂರ್ತಿ ಸಮಾಧಾನ ಪಡೆಯಲಿಲ್ಲ, ಪಡೆಯಲೂಬಾರದು. ವೃದ್ಧರು ಎರಡು ದಿನ ಯೋಚಿಸಿದರು. ಮೂರನೆಯ ದಿನ ತುಕ್ಕು ಕತ್ತರಿಸಿ ಹೊಸ ಉಕ್ಕು ಬೆಸೆಯಲು ಹೇಳಿದರು. ಕಾರಿನ ಬೆಲೆಯನ್ನು ಲೆಕ್ಕ ಹಾಕಿದರೆ ಅದು ಜಾಣತನದ ಖರ್ಚಾಗಿರಲಿಲ್ಲ. ಜೂನ್ ತಿಂಗಳಲ್ಲಿ ಅವರು ಮಾಡು ತೆರೆದು ಒಬ್ಬರೇ ಮೋರ್ಕಂಬ್‌ಗೆ ಹೋಗಿಬಂದರು. ಹೋಗುವಾಗ ಆಕೆ ಹೋಗುತ್ತಿದ್ದ ದಾರಿಯಲ್ಲಿ, ಬರುವಾಗ ತಾವು ಹೇಳುತ್ತಿದ್ದ ದಾರಿಯಲ್ಲಿ. ಎರಡನೆಯದು ಸುಮಾರು ದೂರವಾಯಿತೆಂದು ಒಪ್ಪಿಕೊಂಡರು.

ನಾನು ಊರಿಗೆ ಮರಳಿ ವರ್ಷಗಳಾದವು. ಈಗಿರುವ ಗುರುಮನೆಗೂ ಹಂಚಿನ ಮಾಡು. ಪ್ರತಿ ಮೇ ತಿಂಗಳ ಕೊನೆಯಲ್ಲಿ ಏಣಿ ಹಾಕಿ ದೋಣಿಯ ತರಗೆಲೆ ತೆಗೆಯುತ್ತೇನೆ. ಕೆಳಗೆ ಬುಟ್ಟಿ ಹಿಡಿಯಲು ಯಾರಾದರೂ ಹುಡುಗರಿರುತ್ತಾರೆ. ಓದುಗರೇ, ನಿಮ್ಮ ಮನೆಯಲ್ಲಿಯೂ ವಾಹನದಲ್ಲಿಯೂ ನೀರು ಕಂಡರೆ ಅಂಟಿನ ಡಬ್ಬಿಯನ್ನು ತೆರೆಯುವ ಮೊದಲು ಒಂದು ಮಗ್ಗು ನೀರು ಸುರಿದು, ಅದು ಎಲ್ಲಿ ಹೊರಬರುತ್ತದೆಂದು ಬಗ್ಗಿ ನೋಡಿ. ನಿಮ್ಮೆದುರು ಕುಳಿತು ಯಾರಾದರೂ ಹಳೆಯ ಮಾತೊಂದನ್ನು ಮತ್ತೆ ಆರಂಭಿಸಿದರೆ, ಅದು ಮುಗಿಯುವವರೆಗೆ ಕುಳಿತಿರಿ.